ಆಳು ಲೆಕ್ಕ ಎಲ್ಲಿ ಹೋಯ್ತು ಸಾರ್?

ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಹುಡುಗ ಹುಡುಗಿಯರ ಮುಂದೆ ಒಂದು ಗಂಟೆ ಮಾತಾಡಿದ್ದೆ. ಅದನ್ನು ಬರೆದು ಕೊಡಿ ಅಂತ ಕೇಳಿದರು. ಮಾತಾಡಿದ ಹಾಗೇ ಬರೆದಿದ್ದೇನೆ. ನನ್ನನ್ನೇ ನಾನು ಬೈದುಕೊಂಡ ಒಂದೆರಡು ಮಾತು ಮಾತ್ರ ಬಿಟ್ಟಿದ್ದೇನೆ.

ಊಟ ಆದ ತಕ್ಷಣದ ಹೊತ್ತು ನನಗೆ ಕೊಟ್ಟಿದ್ದೀರಿ. ಹಿಂದಿನ ಬೆಂಚಿನವರು ಆಗಲೇ ತೂಕಡಿಸೋಕೆ ಶುರು ಮಾಡಿರುವುದು ಕಾಣ್ತಾ ಇದೆ. ಹಾಗಾಗಿ ಸ್ಲೈಡು ಬೇಡ. ಒಂದು ಫೋನ್ ಕರೆಯಿಂದ ಶುರು ಮಾಡುತ್ತೇನೆ.

ಸಕಲೇಶಪುರದ ಕಡೆಯ ಒಂದು ಕಾಫಿ ತೋಟ. ಮಾರನೇ ದಿನ ಸಂತೆ, ಅಂದರೆ ಅವತ್ತು ಸಂಜೆ ಕೂಲಿ ಬಟವಾಡೆ ಆಗಲೇಬೇಕು. ಬೆಳಿಗ್ಗೆ ಎಂಟೂವರೆಗೆ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಫೋನ್ ಮಾಡಿದರು. ‘ಸಾರ್, ಆಳು ಲೆಕ್ಕ ಎಲ್ಲಿ ಹೋಯ್ತು ಸಾರ್? ನಿನ್ನೆ ತನಕ ಇತ್ತು. ಇವತ್ತು ಮೆನುನಲ್ಲೇ ಇಲ್ಲ.’ ನಾನು ಬಹಳ ಜಂಬದಿಂದ ಹೇಳಿದೆ, ‘ಹೆಸರು ಬದಲಾಯಿಸಿದ್ದೀವಿ ಮಾರಾಯ್ರೆ, ಈಗ ಅದು ಕೆಲಸದವರ ಲೆಕ್ಕ, ನೋಡಿ ಅಲ್ಲೇ ಇರುತ್ತೆ.’ ಅವರು ಸ್ವಲ್ಪ ಹೊತ್ತು ನೋಡಿ, ‘ಅದೂ ಇಲ್ಲ ಸಾರ್’ ಅಂದರು.

ಇವತ್ತಿನ ಮಾತೆಲ್ಲ ಆ ‘ಅದೂ ಇಲ್ಲ’ ಯಾಕಾಯಿತು ಅನ್ನೋದರ ಬಗ್ಗೆ.

ನಮ್ಮದು ಐದಾರು ಜನರ ಸಣ್ಣ ಆಫೀಸು. ತೋಟಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿ ಕೊಡುತ್ತೇವೆ. ಚೆಕ್‌ರೋಲು (ಯಾರು ಕೆಲಸಕ್ಕೆ ಬಂದರು ಅನ್ನುವ ಹಾಜರಿ), ಬಟವಾಡೆ, ಕಾಫಿ ದಾಸ್ತಾನು, ಗೊಬ್ಬರ, ಕಾಳುಮೆಣಸು, ಇಷ್ಟೇ. ಶುರು ಮಾಡಿದಾಗ ತೋಟದಲ್ಲಿ ಜನ ಏನು ಮಾತಾಡುತ್ತಾರೋ ಅದನ್ನೇ ಮೆನುಗೆ ಹಾಕಿದೆವು. ಮೊದಲನೇ ಸಾಲು ‘ಆಳು ಲೆಕ್ಕ’. ಅದರೊಳಗೆ ‘ಗಂಡಾಳು ದರ’, ‘ಹೆಣ್ಣಾಳು ದರ’. ನಮಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ‘ಇವತ್ತು ಎಷ್ಟು ಆಳು ಬಂದ್ರು’ ಅಂತಲೇ ಅಲ್ವಾ ಮಲೆನಾಡಲ್ಲಿ ಕೇಳೋದು.

ಆಮೇಲೆ ಒಂದು ತೋಟದಲ್ಲಿ ಕಂಪ್ಯೂಟರ್ ಮುಂದೆ ಕೂರೋಕೆ ಒಬ್ಬ ಹುಡುಗಿ ಬಂದಳು. ಡಿಗ್ರಿ ಮುಗಿಸಿದವಳು, ಅದೇ ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲು ಮನೆಯಲ್ಲಿ, ಹುಟ್ಟಿ ಬೆಳೆದವಳು. ಅವಳಿಗೆ ಸಾಫ್ಟ್‌ವೇರ್ ತೋರಿಸೋಕೆ ನಾನೇ ಹೋಗಿದ್ದೆ. ‘ಹೆಣ್ಣಾಳು’ ಒತ್ತಿದಳು, ಪಟ್ಟಿ ಬಂತು. ಕೆಳಗೆ ಎಳೆದಳು, ನಿಲ್ಲಿಸಿದಳು. ‘ಇದು ನಮ್ಮಮ್ಮ’ ಅಂದಳು. ಅಷ್ಟೇ. ದೂರಲಿಲ್ಲ, ಬೇಜಾರು ಅಂತಲೂ ಹೇಳಲಿಲ್ಲ. ಮುಂದೆ ಏನು ಒತ್ತಬೇಕು ಅಂತ ಕೇಳಿದಳು. ವಾಪಸ್ ಬರುವಾಗ ದಾರಿಯುದ್ದಕ್ಕೂ ನನಗೆ ಅದೇ ತಲೆಯಲ್ಲಿ.

ಹಳೇ ಪದ ಬದಲಾಯಿಸೋದು ನಮ್ಮೊಬ್ಬರ ಕಥೆಯಲ್ಲ, ದೊಡ್ಡ ದೊಡ್ಡ ಕೋಡಿನಲ್ಲೂ ನಡೆದಿದೆ. ನಿಮ್ಮಲ್ಲಿ ಯಾರ ಅಪ್ಪನಾದರೂ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದರೆ ಕೇಳಿ ನೋಡಿ. ಹಳೇ ಹಾರ್ಡ್ ಡಿಸ್ಕಿನ ಹಿಂದೆ ಸಣ್ಣದೊಂದು ಜಂಪರ್ ಇರುತ್ತಿತ್ತು, ಅದನ್ನು ಮಾಸ್ಟರ್ ಕಡೆಗೋ ಸ್ಲೇವ್ ಕಡೆಗೋ ಹಾಕಬೇಕಿತ್ತು. ಯಜಮಾನ, ಗುಲಾಮ. 2003ರಲ್ಲೇ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯವರು ತಮಗೆ ಸಾಮಾನು ಪೂರೈಸುವವರಿಗೆ ಈ ಪದ ಬೇಡ ಅಂತ ಬರೆದಿದ್ದರು. ಆಗ ಎಷ್ಟೋ ಜನ ನಕ್ಕಿದ್ದರು. 2014ರಲ್ಲಿ ವೆಬ್‌ಸೈಟ್ ಕಟ್ಟುವ ಸಾಧನ ಜ್ಯಾಂಗೋ ತನ್ನ ಬರಹದಿಂದ ಅದನ್ನು ತೆಗೆಯಿತು. 2018ರಲ್ಲಿ ಪೈಥಾನ್ ಭಾಷೆ ಮತ್ತು ರೆಡಿಸ್ ಡೇಟಾಬೇಸ್. 2020ರಲ್ಲಿ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು), ಕೋಡ್ ಇಡುವ ತಾಣ ಗಿಟ್‌ಹಬ್, ಹೀಗೆ ಸಾಲು ಸಾಲಾಗಿ. ನೀವು ಈಗ ಗಿಟ್‌ಹಬ್‌ನಲ್ಲಿ ಹೊಸ ರೆಪೊ, ಅಂದರೆ ಕೋಡಿನ ಕಣಜ, ಮಾಡಿದರೆ ಅದರ ಮುಖ್ಯ ಶಾಖೆಗೆ ‘ಮೇನ್’ ಅಂತ ಹೆಸರು ಬರುತ್ತದಲ್ಲ, 2020ರ ಅಕ್ಟೋಬರಿಗೆ ಮುಂಚೆ ಅಲ್ಲಿ ‘ಮಾಸ್ಟರ್’ ಇತ್ತು. ಅದೇ ವರ್ಷ ಫೈರ್‌ಫಾಕ್ಸ್‌ನಲ್ಲಿ ಮಾಸ್ಟರ್ ಪಾಸ್‌ವರ್ಡ್ ಹೋಗಿ ಪ್ರೈಮರಿ ಪಾಸ್‌ವರ್ಡ್ ಬಂತು.

ಇದರ ಸರಿ ತಪ್ಪಿನ ಜಗಳ ನಿಮಗೆ ಗೊತ್ತೇ ಇದೆ, ಅದಕ್ಕೆ ನಾನು ಹೋಗೋದಿಲ್ಲ. ನನಗೆ ಬೇಕಾಗಿರೋದು ಕೈಕೆಲಸ. ಹೆಸರು ಬದಲಾಯಿಸಬೇಕು ಅಂತ ತೀರ್ಮಾನ ಆಯ್ತು. ಸೋಮವಾರ ಬೆಳಿಗ್ಗೆ ಎಡಿಟರ್ ತೆಗೆದು ಕೂತಿದ್ದೀರಿ. ಮೊದಲು ಎಲ್ಲಿ ಕೈ ಹಾಕುತ್ತೀರಿ?

ನಾನು ತಪ್ಪು ಜಾಗಕ್ಕೇ ಕೈ ಹಾಕಿದೆ. ಫೈಂಡ್ ಅಂಡ್ ರಿಪ್ಲೇಸ್.

ಮೊದಲು ಪರದೆಯ ಮೇಲೆ ಕಾಣುವ ಕನ್ನಡ ಅಕ್ಷರಗಳು. ‘ಆಳು’ ಅಂತ ಹುಡುಕಿದೆ. ಆಳು ಲೆಕ್ಕ ಸಿಕ್ಕಿತು, ಆಳು ಪಟ್ಟಿ ಸಿಕ್ಕಿತು. ಹೆಣ್ಣಾಳು ಸಿಗಲಿಲ್ಲ, ಗಂಡಾಳೂ ಸಿಗಲಿಲ್ಲ. ಯಾಕೆ ಹೇಳಿ? ನಮ್ಮ ಕಿವಿಗೆ ಎರಡರಲ್ಲೂ ‘ಆಳು’ ಕೇಳಿಸುತ್ತೆ. ಆದರೆ ಯೂನಿಕೋಡ್‌ನಲ್ಲಿ, ಅಂದರೆ ಪ್ರತಿ ಅಕ್ಷರಕ್ಕೂ ನಂಬರ್ ಕೊಡುವ ಪಟ್ಟಿಯಲ್ಲಿ, ಪದದ ಮೊದಲು ಬರುವ ‘ಆ’ ಒಂದು ಅಕ್ಷರ, ‘ಣ್ಣಾ’ದಲ್ಲಿ ಬರುವ ದೀರ್ಘದ ಗುರುತು ಬೇರೆಯೇ ಅಕ್ಷರ. ಎರಡಕ್ಕೂ ನಂಬರ್ ಬೇರೆ. ಸಂಧಿ ಆದ ಕೂಡಲೇ ಕಂಪ್ಯೂಟರಿಗೆ ಆ ಪದ ಅಲ್ಲಿಲ್ಲ. ಹೈಸ್ಕೂಲಿನಲ್ಲಿ ಸಂಧಿ ಕಲಿಸುವಾಗ ಇದು ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂದುಕೊಂಡಿದ್ದೆ. ಬಂತು ನೋಡಿ!

ಸರಿ, ಆ ದೀರ್ಘದ ಗುರುತಿನ ಜೊತೆ ‘ಳು’ ಸೇರಿಸಿ ಹುಡುಕಿದೆ. ಹೆಣ್ಣಾಳು, ಗಂಡಾಳು ಎರಡೂ ಸಿಕ್ಕಿದವು. ಜೊತೆಗೆ ‘ಹಾಳು’ ಸಿಕ್ಕಿತು, ಹಾಳಾದ ಕಾಫಿಯ ಲೆಕ್ಕದ್ದು. ‘ಕಾಳುಮೆಣಸು’ ಸಿಕ್ಕಿತು. ಪುಣ್ಯಕ್ಕೆ ಇವು ಕಣ್ಣಿಗೆ ಬಿದ್ದವು, ಹಾಗಾಗಿ ಲೇಬಲ್‌ಗಳನ್ನೆಲ್ಲ ಒಂದೊಂದಾಗಿ ಕೈಯಲ್ಲೇ ತಿದ್ದಿದೆ.

ಕೋಡಿನ ಒಳಗೆ ಅಷ್ಟು ತಾಳ್ಮೆ ಇರಲಿಲ್ಲ. ನಾವೆಲ್ಲ ವೇರಿಯೇಬಲ್ ಹೆಸರು ಹೇಗಿಡುತ್ತೇವೆ ಗೊತ್ತಲ್ಲ, ಕನ್ನಡ ಪದ, ಇಂಗ್ಲಿಷ್ ಅಕ್ಷರ. ಆಳು ಅಂದರೆ ಎ, ಎ, ಎಲ್, ಯು. ಅದನ್ನೆಲ್ಲ ‘ವರ್ಕರ್’ ಮಾಡು ಅಂತ ಒಂದೇ ಸಾಲಿನ ಕಮ್ಯಾಂಡ್ ಕೊಟ್ಟೆ. ಕಂಪೈಲ್ ಆಯಿತು, ಅಂದರೆ ಕಂಪ್ಯೂಟರ್ ತಕರಾರಿಲ್ಲದೆ ಒಪ್ಪಿಕೊಂಡಿತು! ಆಗದೇ ಏನು, ಎಲ್ಲ ಕಡೆಯೂ ಒಂದೇ ಥರ ಹಾಳಾದರೆ ಕಂಪೈಲರ್‌ಗೆ ಅದೇ ಸರಿ. ಕಾಳುಮೆಣಸಿನ ‘ಕಾಳು’ ಕೆ ಬಿಟ್ಟರೆ ಉಳಿದದ್ದು ಅದೇ ನಾಲ್ಕು ಅಕ್ಷರ ಅಲ್ವಾ. ಅದು ‘ಕೆವರ್ಕರ್ ಮೆಣಸು’ ಆಯಿತು. ಗಿಡದ ಸಾಲಿನ ‘ಸಾಲು’ ‘ಎಸ್‌ವರ್ಕರ್’ ಆಯಿತು. ತಮಾಷೆ ಏನೆಂದರೆ ಕೆವರ್ಕರ್ ಅನ್ನೋದು ಲಿನಕ್ಸ್‌ನಲ್ಲಿ ನಿಜವಾಗಲೂ ಇರುವ ಹೆಸರು, ಕರ್ನಲ್ ಒಳಗಿನ ಕೆಲಸ ಮಾಡುವ ಥ್ರೆಡ್‌ಗಳಿಗೆ ಹಾಗನ್ನುತ್ತಾರೆ. ನಮ್ಮ ಹುಡುಗನೊಬ್ಬ ಮೆಣಸಿನ ರಿಪೋರ್ಟ್ ಯಾಕೆ ಬರುತ್ತಿಲ್ಲ ಅಂತ ಹುಡುಕುತ್ತಾ ಎರಡು ಗಂಟೆ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಓದುತ್ತಾ ಕೂತಿದ್ದ, ಪಾಪ.

ಆದರೆ ರೈಟರ್ ಅವರ ಮೆನು ಮಾಯ ಆಗಿದ್ದು ಇದರಿಂದಲ್ಲ.

ಒಂದು ಮೆನು ಐಟಂ ಅಂದರೆ ಏನು, ಸ್ವಲ್ಪ ಬಿಡಿಸಿ ನೋಡೋಣ. ಕಣ್ಣಿಗೆ ಕಾಣೋದು ಲೇಬಲ್. ಅದರ ಹಿಂದೆ ಒಂದು ಐಡಿ ಇರುತ್ತೆ, ಒತ್ತಿದರೆ ಯಾವ ಕೆಲಸ ನಡೀಬೇಕು ಅಂತ ಪ್ರೋಗ್ರಾಂಗೆ ಗೊತ್ತಾಗೋದು ಅದರಿಂದ. ಈ ಎರಡೂ ಒಂದೇ ಅಂದುಕೊಂಡರೆ ಕೆಟ್ಟಿರಿ.

ಬೆಂಗಳೂರಿನ ದೊಡ್ಡ ರೈಲ್ವೆ ಸ್ಟೇಷನ್ ನೋಡಿ. ಬೋರ್ಡಿನ ಮೇಲೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಅಂತ ಇದೆ. ಟಿಕೆಟಿನ ಮೇಲೆ? ಇವತ್ತಿಗೂ ಎಸ್, ಬಿ, ಸಿ. ಬೆಂಗಳೂರು ಸಿಟಿ ಅನ್ನುವ ಕಾಲದ ಕೋಡ್ ಅದು. 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿತಲ್ಲ, ಬೆಂಗಳೂರು, ಮೈಸೂರು, ನಮ್ಮ ಪಕ್ಕದ ಚಿಕ್ಕಮಗಳೂರು ಎಲ್ಲ, ಆಗ ವಿಮಾನದ ಟಿಕೆಟಿನ ಬಿ, ಎಲ್, ಆರ್ ಬದಲಾಗಲಿಲ್ಲ. ಬದಲಾಗಬೇಕಾಗಿಯೂ ಇರಲಿಲ್ಲ. ಬೋರ್ಡು ಜನರಿಗೆ, ಕೋಡು ಯಂತ್ರಕ್ಕೆ. (ಹಾಸನ ಆ ಪಟ್ಟಿಯಲ್ಲಿ ಇರಲಿಲ್ಲ. ನಮಗೆ ಇಂಗ್ಲಿಷ್‌ನಲ್ಲಿ ಇನ್ನೂ ಎರಡು ಎಸ್. ಯಾರಿಗೂ ಬೇಜಾರಿಲ್ಲ ಅನ್ಸುತ್ತೆ.)

ವಿಂಡೋಸ್‌ನಲ್ಲೂ ಹಾಗೇ. ಎಕ್ಸ್‌ಪಿಯಲ್ಲಿ ‘ಮೈ ಕಂಪ್ಯೂಟರ್’ ಇತ್ತು, ವಿಸ್ಟಾದಲ್ಲಿ ಬರೀ ‘ಕಂಪ್ಯೂಟರ್’, 8.1ರಲ್ಲಿ ‘ದಿಸ್ ಪಿಸಿ’. ಹಿಂದೆ ಇರುವ ಉದ್ದದ ಅಂಕಿ ಅಕ್ಷರಗಳ ಐಡಿ ಮೊದಲಿನಿಂದ ಅದೇ. ಆ ಐಡಿಯಲ್ಲಿ ‘ಮೈ’ ಇಲ್ಲ, ‘ಕಂಪ್ಯೂಟರ್’ ಇಲ್ಲ, ಅರ್ಥವೇ ಇಲ್ಲ. ಅರ್ಥ ಇಲ್ಲದ್ದಕ್ಕೆ ಹಳೆಯದಾಗುವ ಭಯವೂ ಇಲ್ಲ.

ನಮ್ಮ ಐಡಿಯಲ್ಲಿ ಅರ್ಥ ಇತ್ತು. ‘ಆಳು ಲೆಕ್ಕ’ ಅನ್ನೋದೇ ಐಡಿ. ಮತ್ತೆ ಆ ಐಡಿ ಕೋಡಿನಲ್ಲಿ ಮಾತ್ರ ಇರಲಿಲ್ಲ. ಯಾರಿಗೆ ಯಾವ ಮೆನು ಕಾಣಬೇಕು ಅನ್ನುವ ಪರ್ಮಿಷನ್ ಟೇಬಲ್ ಒಂದಿದೆ, ಅದು ಪ್ರತಿ ತೋಟದ ಕಂಪ್ಯೂಟರಿನಲ್ಲಿ, ಅವರವರ ಡೇಟಾಬೇಸಿನಲ್ಲಿ ಕೂತಿದೆ. ರೈಟರ್ ಅವರ ಹೆಸರಿನ ಮುಂದೆ ‘ಆಳು ಲೆಕ್ಕ, ಬಟವಾಡೆ, ಉಗ್ರಾಣ’ ಅಂತ ಬರೆದಿದೆ. ನಾನು ಕೋಡಿನಲ್ಲಿ ಐಡಿ ಬದಲಾಯಿಸಿದೆ. ಪ್ರೋಗ್ರಾಂ ಟೇಬಲ್ ತೆಗೆದು ನೋಡಿತು, ‘ಕೆಲಸದವರ ಲೆಕ್ಕ’ ನೋಡೋಕೆ ಇವರಿಗೆ ಅನುಮತಿ ಇದೆಯಾ? ಇಲ್ಲ. ಬಚ್ಚಿಟ್ಟುಬಿಟ್ಟಿತು. ತೋಟದ ಯಜಮಾನರಿಗೆ ಎಲ್ಲಕ್ಕೂ ಅನುಮತಿ, ಅವರಿಗೆ ಸರಿಯಾಗಿ ಕಾಣಿಸುತ್ತಿತ್ತು. ನಾವು ಆಫೀಸಿನಲ್ಲಿ ಟೆಸ್ಟ್ ಮಾಡುವಾಗ ಯಾರ ಹೆಸರಲ್ಲಿ ಒಳಗೆ ಹೋಗಿದ್ದೆವು? ಯಜಮಾನರ ಹೆಸರಲ್ಲಿ! ಆಳಾಗಿ ದುಡಿ, ಅರಸಾಗಿ ಉಣ್ಣು ಅನ್ನುತ್ತಾರೆ. ನಾವು ಅರಸಾಗಿಯೇ ಟೆಸ್ಟ್ ಮಾಡಿದ್ದೆವು.

ಫೋನಿನಲ್ಲೇ ಟೇಬಲ್ ಸರಿಮಾಡಿದೆ. ಆ ಸಂಜೆ ಬಟವಾಡೆ ಒಂದೂವರೆ ಗಂಟೆ ತಡವಾಗಿ ಆಯಿತು. ಕತ್ತಲಲ್ಲಿ ಸಾಲು ನಿಂತವರು ಯಾರು ಅಂತ ನಾನು ಹೇಳಬೇಕಾಗಿಲ್ಲ. ಯಾರ ಮರ್ಯಾದೆಗೆ ಅಂತ ಹೆಸರು ಬದಲಾಯಿಸಿದ್ದೆನೋ ಅವರೇ.

ಮಾರನೇ ವಾರ ಇನ್ನೊಂದು ಫೋನ್. ಈ ಸಲ ಮೆನು ಇದೆ, ಆದರೆ ‘ಆಳು ಲೆಕ್ಕ ಒತ್ತಿದ್ರೆ ಉಗ್ರಾಣ ಬರ್ತಿದೆ ಸಾರ್’ ಅಂತ. ಇದು ಬೇರೆ ಊರಿನ ಬೇರೆ ರೈಟರ್, ವಯಸ್ಸಾದವರು. ಹೋಗಿ ಪಕ್ಕದಲ್ಲಿ ಕೂತು ನೋಡಿದೆ. ಅವರು ಮೌಸ್ ಮುಟ್ಟೋದೇ ಇಲ್ಲ. ಪರದೆ ಕಡೆಗೂ ನೋಡಲ್ಲ, ಕಣ್ಣು ಚೆಕ್‌ರೋಲ್ ಪುಸ್ತಕದ ಮೇಲೆ. ಮೆನು ತೆಗೀತಾರೆ, ಎಂಟರ್ ಒತ್ತುತ್ತಾರೆ. ಮೊದಲನೇ ಐಟಂ ಆಳು ಲೆಕ್ಕ, ವರ್ಷಗಳಿಂದ ಬೆರಳಿಗೆ ಗೊತ್ತು. ನಾವು ಮೆನುವನ್ನು ಅಕಾರಾದಿಯಾಗಿ ಜೋಡಿಸಿದ್ದೆವು. ‘ಆ’ ಸ್ವರ, ಹಾಗಾಗಿ ಮೊದಲು. ‘ಕೆಲಸದವರು’ ಅಂತ ಆದ ಮೇಲೆ ಅದು ಉಗ್ರಾಣ, ಕಾಫಿ, ಕಾಳುಮೆಣಸು ಎಲ್ಲ ದಾಟಿ ನಾಲ್ಕನೇ ಜಾಗಕ್ಕೆ ಇಳಿದಿತ್ತು. ಹೆಸರು ಬದಲಾದರೆ ಜಾಗವೂ ಬದಲಾಗುತ್ತೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಈಗ ಪ್ರತಿ ಐಟಂಗೂ ಒಂದು ಕ್ರಮಸಂಖ್ಯೆ ಕೊಟ್ಟಿದ್ದೇವೆ, ಲೇಬಲ್ ಏನಾದರೂ ಆಗಲಿ ಜಾಗ ಅಲ್ಲಾಡಲ್ಲ.

ಅನುವಾದ ಮಾಡುವವರಿಗೆ ಇದರ ಇನ್ನೊಂದು ಪೆಟ್ಟು ಬೀಳುತ್ತೆ. ನಿಮ್ಮಲ್ಲಿ ಯಾರಾದರೂ ಲಿನಕ್ಸ್ ಡೆಸ್ಕ್‌ಟಾಪನ್ನು ಕನ್ನಡದಲ್ಲಿ ಹಾಕಿ ನೋಡಿದ್ದೀರಾ? ಇಬ್ಬರು. ಪರವಾಗಿಲ್ಲ. ಅಲ್ಲಿ ‘ಫೈಲ್’ ಮೆನುಗೆ ‘ಕಡತ’ ಅಂತ ಬರೆದು, ಪಕ್ಕದಲ್ಲಿ ಬ್ರ್ಯಾಕೆಟ್ ಹಾಕಿ ಎಫ್ ಅಕ್ಷರ ಇಟ್ಟಿರುತ್ತಾರೆ. ಆಲ್ಟ್ ಜೊತೆ ಎಫ್ ಒತ್ತಿದರೆ ಮೆನು ತೆರೀಬೇಕಲ್ಲ, ಕನ್ನಡ ಪದದೊಳಗೆ ಎಫ್ ಎಲ್ಲಿದೆ, ಅದಕ್ಕೆ ಹಾಗೆ. ಈ ಅನುವಾದಗಳೆಲ್ಲ ಗೆಟ್‌ಟೆಕ್ಸ್ಟ್ ಅನ್ನುವ ಏರ್ಪಾಡಿನಲ್ಲಿ ನಡೆಯುತ್ತವೆ. ಅಲ್ಲಿ ಇಂಗ್ಲಿಷ್ ಸಾಲೇ ಕೀಲಿ, ಕನ್ನಡ ಅದಕ್ಕೆ ಉತ್ತರ. ಮೂಲದವರು ಇಂಗ್ಲಿಷ್‌ನಲ್ಲಿ ಒಂದು ಪದ ತಿದ್ದಿದರೆ ಕೀಲಿಯೇ ಬೇರೆ ಆಯಿತು. ಹಳೇ ಅನುವಾದವನ್ನು ಬಿಸಾಡೋದಿಲ್ಲ, ‘ಫಜಿ’ ಅಂತ ಗುರುತು ಹಾಕಿ ಪಕ್ಕಕ್ಕಿಡುತ್ತದೆ, ಅಂದರೆ ಅನುಮಾನ ಇದೆ, ಯಾರಾದರೂ ನೋಡಿ ಅಂತ. ನೋಡುವ ತನಕ ಅದು ಪರದೆಗೆ ಬರಲ್ಲ. ಕನ್ನಡ ಮೆನುವಿನ ಮಧ್ಯೆ ಒಂದೇ ಒಂದು ಸಾಲು ಇಂಗ್ಲಿಷ್ ಆಗಿ ನಿಂತಿರುತ್ತದಲ್ಲ, ಬಾಳೆ ಎಲೆ ಮೇಲೆ ಪಿಜ್ಜಾ ಇಟ್ಟ ಹಾಗೆ, ಬಹಳ ಸಲ ಕಾರಣ ಇದೇ. ಕನ್ನಡಕ್ಕೆ ಅನುವಾದ ಮಾಡುವವರು ಬೆರಳೆಣಿಕೆ ಜನ. ಫಜಿ ಬಿಡಿಸೋಕೆ ಯಾರಿಗೆ ಪುರುಸೊತ್ತು? ಮೂಲದಲ್ಲಿ ಹೆಸರು ತಿದ್ದುವವರು ಬಿಡುಗಡೆಗೆ ನಾಲ್ಕು ವಾರ ಮುಂಚೆ ಅದನ್ನು ಮಾಡಿದರೆ ಅನುವಾದಕರಿಗೆ ಉಸಿರಾಡೋಕೆ ಸಮಯ ಸಿಗುತ್ತೆ. ಹಿಂದಿನ ರಾತ್ರಿ ಮಾಡಬೇಡಿ.

ಹಾಗಾದರೆ ಹೊರಗೆ ಹೋಗಿಬಿಟ್ಟ ಹೆಸರನ್ನು ಏನು ಮಾಡೋದು? ಕೆಲವು ಹಾಗೇ ಉಳಿದುಬಿಡುತ್ತವೆ. ವೆಬ್‌ನಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಬ್ರೌಸರ್ ‘ರೆಫರರ್’ ಅಂತ ಒಂದು ಸಾಲು ಕಳಿಸುತ್ತೆ. ಅದರ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಆರ್ ಕಮ್ಮಿ. 1996ರ ದಾಖಲೆಯಲ್ಲೇ ತಪ್ಪಾಗಿ ಅಚ್ಚಾಯಿತು, ಇವತ್ತಿಗೂ ಜಗತ್ತೆಲ್ಲ ಆ ತಪ್ಪನ್ನೇ ಕಳಿಸುತ್ತಿದೆ. ಲಿನಕ್ಸ್ ಕರ್ನಲ್‌ನವರು 2020ರಲ್ಲಿ ಹೊಸ ಕೋಡಿಗೆ ಸ್ಲೇವ್, ಬ್ಲ್ಯಾಕ್‌ಲಿಸ್ಟ್ ಬೇಡ ಅಂತ ನಿಯಮ ಮಾಡಿದಾಗಲೂ, ಹೊರಗಿನ ಪ್ರೋಗ್ರಾಂಗಳು ನೆಚ್ಚಿಕೊಂಡಿರುವ ಹಳೇ ಹೆಸರುಗಳಿಗೆ ವಿನಾಯಿತಿ ಕೊಟ್ಟರು. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ರೆಡಿಸ್ ಮಾಡಿದ್ದು. 5.0ರಲ್ಲಿ ‘ರೆಪ್ಲಿಕಾಆಫ್’ (ಇಂಥದರ ನಕಲು) ಅಂತ ಹೊಸ ಕಮ್ಯಾಂಡ್ ತಂದರು, ಹಳೇ ‘ಸ್ಲೇವ್‌ಆಫ್’ ಕೊಟ್ಟರೂ ಕೆಲಸ ಆಗುವ ಹಾಗೆ ಬಿಟ್ಟರು. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳ ಕಾಗದ ತವರಿನ ವಿಳಾಸಕ್ಕೆ ಬಂದರೂ ಅಂಚೆಯವರು ತಲುಪಿಸುತ್ತಾರಲ್ಲ, ಹಾಗೆ.

ನಾವೂ ಅದನ್ನೇ ಮಾಡಿದೆವು. ಡೇಟಾಬೇಸಿನಿಂದ ಐಡಿ ಓದುವ ಒಂದೇ ಒಂದು ಜಾಗದಲ್ಲಿ ಸಣ್ಣ ಪಟ್ಟಿ ಇಟ್ಟೆವು. ಹಳೇ ಹೆಸರು ಬಂದರೆ ಹೊಸದು ಅಂತ ತಿಳ್ಕೋ. ಮೂರೇ ಸಾಲು. ಪ್ರತಿ ಸಲ ಹಳೇ ಹೆಸರು ಬಂದಾಗ ಲಾಗ್‌ನಲ್ಲಿ, ಅಂದರೆ ಪ್ರೋಗ್ರಾಂನ ದಿನಚರಿಯಲ್ಲಿ, ಒಂದು ಸಾಲು ಬರೆಯುತ್ತೆ, ಯಾವ ತೋಟ, ಯಾವ ದಿನ ಅಂತ. ಇದನ್ನು ಮೊದಲು ಹಾಕಿ, ಎಲ್ಲ ಕಡೆ ತಲುಪಿದ ಮೇಲೆ ಹೆಸರು ಬದಲಾಯಿಸಿದ್ದರೆ ಯಾರೂ ಫೋನ್ ಮಾಡುತ್ತಲೇ ಇರಲಿಲ್ಲ. ನಾನು ಉಲ್ಟಾ ಮಾಡಿದೆ.

ಪದ ಯಾವುದು ಅನ್ನೋದಕ್ಕೂ ಆಫೀಸಿನಲ್ಲಿ ಒಂದು ವಾರ ಜಗಳ ಆಯಿತು. ‘ಕಾರ್ಮಿಕರು’ ಅಂದರೆ ಸರ್ಕಾರಿ ಫಾರಂ ಥರ ಇದೆ ಅಂದರು. ‘ಸಿಬ್ಬಂದಿ’ ಅಂದರೆ ರೈಟರ್, ಮೇಸ್ತ್ರಿ ಎಲ್ಲ ಬರುತ್ತಾರೆ. ಜ್ಯಾಂಗೋದವರಿಗೂ ಹೀಗೇ ಆಗಿತ್ತು, ಮೊದಲು ಲೀಡರ್, ಫಾಲೋವರ್ ಅಂತ ಇಟ್ಟು, ಆಮೇಲೆ ಡೇಟಾಬೇಸಿನವರು ಆಗಲೇ ಬಳಸುತ್ತಿದ್ದ ಪ್ರೈಮರಿ, ರೆಪ್ಲಿಕಾಕ್ಕೆ ಬಂದರು. ನಾವು ಹೊಸ ಪದ ಹುಟ್ಟಿಸೋದು ಬಿಟ್ಟು ತೋಟದಲ್ಲಿ ಕೇಳಿದೆವು. ಒಬ್ಬ ಮೇಸ್ತ್ರಿ, ‘ಆಳು ಅಂದ್ರೆ ಏನು ತಪ್ಪು? ಆಳು ಅಂದ್ರೆ ಮನುಷ್ಯ ಅಲ್ವಾ, ನಾನೂ ಆಳೇ’ ಅಂದರು. ಅವರ ಮಾತಲ್ಲಿ ನಿಜ ಇದೆ. ಒಳ್ಳೇ ಆಳು, ಆಳೆತ್ತರ ಅನ್ನುತ್ತೇವೆ, ಊರು ಆಳೋದಕ್ಕೂ ಅದೇ ಪದ. ಮಾತಿನಲ್ಲಿ ಆ ಪದಕ್ಕೆ ನನ್ನದೂ ತಕರಾರಿಲ್ಲ. ಆದರೆ ಮೇಸ್ತ್ರಿ ತಮ್ಮನ್ನು ತಾವು ಹಾಗೆ ಕರೆದುಕೊಳ್ಳೋದು ಬೇರೆ, ನಾವು ಅದನ್ನು ತಲೆಬರಹ ಮಾಡಿ ಅದರ ಕೆಳಗೆ ಅವರ ಹೆಸರು ಬರೆಯೋದು ಬೇರೆ. ಕೊನೆಗೆ ಅವರೇ ಮಾತಿನ ಮಧ್ಯೆ ‘ನಮ್ ಕೆಲ್ಸದೋರು’ ಅಂದರು. ಅದನ್ನೇ ಎತ್ತಿಕೊಂಡೆವು.

ಈಗ ಹೆಣ್ಣಾಳು ದರ, ಗಂಡಾಳು ದರ. ಇಲ್ಲಿ ನಾನು ಮಾಡಿದ ಕೆಲಸ ಹೇಳೋಕೆ ನಾಚಿಕೆ ಆಗುತ್ತೆ. ‘ದರ 1’, ‘ದರ 2’ ಅಂತ ಮಾಡಿದೆ. ಅಚ್ಚುಕಟ್ಟಾಗಿ ಕಾಣುತ್ತಿತ್ತು. ಅದೇ ಹುಡುಗಿ ಫೋನ್ ಮಾಡಿ ಕೇಳಿದಳು, ‘ಸಾರ್, ಯಾರಿಗೆ 1 ಹಾಕೋದು, ಯಾರಿಗೆ 2?’ ನನ್ನ ಹತ್ತಿರ ಉತ್ತರ ಇತ್ತು, ಬಾಯಿಗೆ ಬರಲಿಲ್ಲ. ಒಂದೇ ಕೆಲಸಕ್ಕೆ ಗಂಡಸಿಗೊಂದು ಹೆಂಗಸಿಗೊಂದು ಕೂಲಿ ಕೊಡಬಾರದು ಅಂತ 1976ರಲ್ಲೇ ಕಾನೂನು ಬಂದಿದೆ. ಹಳೇ ಲೇಬಲ್ ಒರಟಾಗಿತ್ತು, ಆದರೆ ಏನು ನಡೀತಿದೆ ಅಂತ ಬಾಯಿಬಿಟ್ಟು ಹೇಳುತ್ತಿತ್ತು. ನನ್ನ ಹೊಸ ಲೇಬಲ್ ಅದನ್ನು ಮುಚ್ಚಿಟ್ಟಿತು.

ಆಮೇಲೆ ಆ ಎರಡು ಕಾಲಂಗಳನ್ನೇ ತೆಗೆದೆವು. ಈಗ ದರ ಇರೋದು ಕೆಲಸದ ಮೇಲೆ. ಮರಗಸಿಗೆ (ನೆರಳು ಮರದ ಕೊಂಬೆ ಸವರೋದಕ್ಕೆ) ಒಂದು, ಚಿಗುರು ತೆಗೆಯೋದಕ್ಕೆ ಒಂದು, ಔಷಧಿ ಹೊಡೆಯೋದಕ್ಕೆ ಒಂದು, ಕೊಯ್ಲಿಗೆ ಕೆಜಿ ಲೆಕ್ಕ. ಯಾರು ಮಾಡಿದರೂ ಅಷ್ಟೇ. ಇದು ಮೆನು ತಿದ್ದಿದಷ್ಟು ಸುಲಭ ಆಗಲಿಲ್ಲ, ಮೂರು ತಿಂಗಳು ಹಿಡಿಯಿತು. ಒಂದು ತೋಟದವರು ಹಳೇದೇ ಬೇಕು ಅಂದರು. ಕೊಡಲ್ಲ ಅಂದೆವು. ಅವರು ನಮ್ಮನ್ನು ಬಿಟ್ಟರು.

ಪ್ರಶ್ನೆ ಕೇಳಿ ಅಂದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ‘ಸಾರ್, ಆ ಮೂರು ಸಾಲಿನ ಪಟ್ಟಿಯಲ್ಲಿ ಆಳು ಅನ್ನೋ ಪದ ಇನ್ನೂ ಇದೆಯಲ್ಲ, ಅದನ್ನು ಯಾವಾಗ ತೆಗೀತೀರಾ?’ ಇದೆ. ಇಡೀ ಕೋಡಿನಲ್ಲಿ ಅದೊಂದೇ ಕಡೆ. ಲಾಗ್‌ನಲ್ಲಿ ಒಂದು ಕೊಯ್ಲಿನಿಂದ ಇನ್ನೊಂದು ಕೊಯ್ಲಿನ ತನಕ ಹಳೇ ಹೆಸರು ಬರದೇ ಇದ್ದರೆ ತೆಗೆಯೋದು ಅಂತ ಇಟ್ಟುಕೊಂಡಿದ್ದೇವೆ. ಸದ್ಯಕ್ಕೆ ಮೂಡಿಗೆರೆ ಕಡೆಯ ಒಂದು ಕಂಪ್ಯೂಟರಿನಿಂದ ಮಾತ್ರ ಬರುತ್ತಿದೆ, ವಾರಕ್ಕೊಂದು ಸಲ, ಬಟವಾಡೆ ದಿನ. ಅಲ್ಲಿ ಇಂಟರ್‌ನೆಟ್ ಸರಿಯಿಲ್ಲ, ಅಪ್‌ಡೇಟ್ ಇಳಿಯಲ್ಲ. ಮಳೆ ಸ್ವಲ್ಪ ಕಮ್ಮಿ ಆಗಲಿ, ಪೆನ್ ಡ್ರೈವ್ ಹಿಡ್ಕೊಂಡು ನಾನೇ ಹೋಗಬೇಕು. ಈ ಸಲ ರೈಟರ್ ಹೆಸರಲ್ಲಿ ಒಳಗೆ ಹೋಗಿ ನೋಡಿಕೊಂಡೇ ಬರುತ್ತೇನೆ.